ಮುಯ್ಯಾಳು

ಮನೆ ಎಳೆಯುವುದನ್ನು ನೀವು ನೋಡಿಲ್ಲದಿದ್ದರೆ
ಹೇಳುತ್ತೇನೆ.
ನಮ್ಮ ಚಿಲೊಯೆ ದ್ವೀಪದ ಮನೆಗಳು ಮರದವು,
ಕಲ್ಲುಗಳ ಮೇಲೆ ಸುಮ್ಮನೆ ಕೂತಿರುತ್ತವೆ.
ಆ ಜಾಗ ಒಗ್ಗದಿದ್ದರೆ ಎಬ್ಬಿಸಿ,
ಹಗ್ಗ ಬಿಗಿದು, ಎತ್ತು ಹೂಡಿ,
ಊರಿಗೂರೇ ಹೆಗಲು ಕೊಟ್ಟು
ಇಳಿತದ ಕೆಸರಿನಲ್ಲಿ ಜಾರಿಸಿ
ಉಬ್ಬರದಲ್ಲಿ ತೇಲಿಸಿ
ಆಚೆ ದಡಕ್ಕೆ.
ಕೂಲಿ ಇಲ್ಲ, ಊಟ ಉಂಟು.
ನಾಳೆ ನಿನ್ನ ಮನೆಗೆ ನಾನು ಬರುತ್ತೇನೆ.
ಮಿಂಗಾ ಅನ್ನುತ್ತೇವೆ ಇದಕ್ಕೆ.

ನಾನು ಹದಿನಾರು ವರ್ಷ ರೇಡಿಯೊದಲ್ಲಿ
ದೋಣಿಗಳ ಹೊತ್ತು ಓದಿದವಳು.
ಆಪಿಯಾವೊಗೆ ಏಳೂವರೆ, ಗಾಳಿ ಬಿಟ್ಟರೆ.
ಮೆಉಲಿನ್‌ಗೆ ಒಂಬತ್ತು, ದೋನ್ ಎಲಿಸೆಯೊ ಎದ್ದರೆ.
ರೇಡಿಯೊ ಮುಚ್ಚಿತು, ದೋಣಿ ಮುಚ್ಚಲಿಲ್ಲವಲ್ಲ.
ಅಗ್ನಿಶಾಮಕ ಠಾಣೆಯ ಅಟ್ಟದಲ್ಲಿ ನಾಲ್ಕು ಜನ ಸೇರಿ
ಆ್ಯಪ್ ಕಟ್ಟತೊಡಗಿದೆವು.
ಮೊದಲ ವಾರ ಅದರಲ್ಲಿದ್ದದ್ದು
ಒಂದು ದೋಣಿ, ಒಂದು ಗುಂಡಿ: ಹೊರಟಿತೇ?
ಎರಡನೆಯ ವಾರ ಗುಂಡಿ ದೊಡ್ಡದಾಯಿತು,
ಯಾಕೆಂದರೆ ಎದೆಲ್ಮಿರಾ ಚಿಗ್ವಾಯ್ ಏಣಿ ಹತ್ತಿ ಬಂದು
ಸಮುದ್ರಪಾಚಿ ಕಿತ್ತೂ ಕಿತ್ತೂ ಊದಿದ ಹೆಬ್ಬೆರಳನ್ನು
ಮೇಜಿನ ಮೇಲಿಟ್ಟು
"ಇದಕ್ಕೆ ಅಳತೆ ತೊಗೊಳ್ಳಿ" ಅಂದಳು.

ಸ್ಯಾಂಟಿಯಾಗೊದಿಂದ ಬಂದವರ ಕಡತದಲ್ಲಿ
ಮೂರು ವರ್ಷದ ಯೋಜನೆಯಿತ್ತು, ಬಣ್ಣಬಣ್ಣದ್ದು.
ಇಲ್ಲಿ ಮೂರು ದಿನದ ಗಾಳಿಯನ್ನೇ ಯಾರೂ ನಂಬುವುದಿಲ್ಲ.
ನಾವು ಗುರುವಾರದಿಂದ ಗುರುವಾರಕ್ಕೆ:
ಒಂದಿಷ್ಟು ಕಟ್ಟು, ನೀರಿಗೆ ಬಿಡು,
ಸೋರಿದರೆ ಎಳೆದು ತಾ,
ಬಿರುಕಿಗೆ ನಾರು ತುರುಕು,
ಮತ್ತೆ ಬಿಡು.

ಆಮೇಲೆ ಮುಖ ಕಾಣದವರು ಬಂದರು.
ಫಿನ್‌ಲ್ಯಾಂಡಿನ ಯಾವುದೋ ತೀರದಿಂದ ತೂಲಿಕ್ಕಿ ಎಂಬಾಕೆ
ನಮ್ಮ ನಡುರಾತ್ರಿಯಲ್ಲಿ, ತನ್ನ ಬೆಳಗಿನ ಕಾಫಿಯಲ್ಲಿ,
ಒಂದು ಅಲ್ಪವಿರಾಮ ತಿದ್ದಿದಳು.
ಒಂದೇ ಒಂದು. ಮತ್ತೆ ಕಾಣಲಿಲ್ಲ.
ಅದರ ಮೇಲೆ ಇವತ್ತಿಗೂ
ದಿನಕ್ಕೆ ಹನ್ನೊಂದು ದೋಣಿ ದಾಟುತ್ತವೆ.

ತಪ್ಪನ್ನೂ ಹೇಳಬೇಕು.
ಏಪ್ರಿಲ್‌ನಲ್ಲಿ ಸರಕಾರ
ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ.
ನಮ್ಮ ಆ್ಯಪ್ ತಿರುಗಲಿಲ್ಲ. ಏಳನ್ನು ಎಂಟೆಂದಿತು.
ಆ ಸಾಲು ಬರೆದದ್ದು ನಾನೇ.
ಎದೆಲ್ಮಿರಾ ದಡಕ್ಕೆ ಬಂದಾಗ
ನೀರಿನ ಮೇಲೆ ದೋಣಿಯ ಗೆರೆಯೂ ಉಳಿದಿರಲಿಲ್ಲ.
ಅಚಾವೊದ ಆಸ್ಪತ್ರೆಯಲ್ಲಿ ಅವಳ ಮಗಳು.
ಇಲ್ಲ, ಸಾಯಲಿಲ್ಲ. ಹೆತ್ತಳು.
ಆದರೆ ಮೊಮ್ಮಗನನ್ನು ಮೊದಲು ಎತ್ತಿಕೊಂಡದ್ದು ಬೀಗಿತ್ತಿ.
ನನಗಿನ್ನೂ ಮಾಫಿಯಾಗಿಲ್ಲ.

ಕ್ಷಮೆ ಕೇಳುವ ಪತ್ರ ಬರೆದು ಹರಿದೆ.
ಬದಲಿಗೆ ಒಂದು ಪರೀಕ್ಷೆ ಬರೆದು
ಅದಕ್ಕೆ ಅವಳ ಹೆಸರಿಟ್ಟೆವು.
ಈಗ ಯಾರೇ, ಎಲ್ಲಿಂದಲೇ, ಏನೇ ಬದಲಿಸಲಿ,
ಮೊದಲು ಯಂತ್ರದೊಳಗಿನ ಒಂದು ಏಪ್ರಿಲ್ ಮುಂಜಾವಿನಲ್ಲಿ
ಎದೆಲ್ಮಿರಾ ಕೈಚೀಲ ಹಿಡಿದು ದಡದಲ್ಲಿ ನಿಲ್ಲುತ್ತಾಳೆ.
ದೋಣಿ ಸಿಕ್ಕರೆ ಹಸಿರು.
ಸಿಗದಿದ್ದರೆ ಕೆಂಪು,
ಒಂಬತ್ತು ದೇಶಗಳಲ್ಲಿ ಕೈಗಳು ನಿಲ್ಲುತ್ತವೆ.

ಕಳೆದ ತಿಂಗಳು ಮನೆ ಎಳೆದೆವು.
ಹಳೆಯ ಸರ್ವರಿನವನು ಬಾಡಿಗೆ ಏರಿಸಿದ್ದ.
ಬಾಗಿಲು ಹಾಕಿ ಸಾಗಿಸೋಣವೆಂದರೆ ಬಿರುಗಾಳಿಯ ವಾರ,
ಜನ ಗಳಿಗೆಗೊಮ್ಮೆ ಇಣುಕುತ್ತಾರೆ.
ಹಾಗಾಗಿ ಒಲೆ ಆರಿಸದೆಯೇ,
ಚಿಮಣಿಯಲ್ಲಿ ಹೊಗೆಯಾಡುತ್ತಿರುವಾಗಲೇ ಎಳೆದೆವು.
ಎರಡೂ ಹತ್ತಕ್ಕೆ ಅರ್ಧ ಮನೆ ನೀರಲ್ಲಿ,
ಅರ್ಧ ಇನ್ನೂ ಕಲ್ಲಿನ ಮೇಲೆ.
ಸರಿಯಾಗಿ ಆಗಲೇ
ಯಾರೋ ಒಬ್ಬರು, ಯಾವ ದ್ವೀಪದ ಯಾವ ನಿದ್ದೆಗೆಟ್ಟವರೋ,
ಗುಂಡಿ ಒತ್ತಿದರು.
ಹೊರಟಿತೇ?
ಇಪ್ಪತ್ತಮೂರು ಜನ ಉಸಿರು ಹಿಡಿದೆವು.
ಉತ್ತರ ಹೋಯಿತು: ಇಲ್ಲ, ಗಾಳಿ. ಬೆಳಿಗ್ಗೆ ನೋಡಿ.
ಅವರು ಮಲಗಿರಬೇಕು.
ನೆಲ ಅಲುಗಿದ್ದು ಗೊತ್ತಾಗಿರಲಾರದು.

ಬೆಳಿಗ್ಗೆ ಎದೆಲ್ಮಿರಾ
ಕುಕ್ಕೆ ತುಂಬ ಚಿಪ್ಪುಮೀನು, ಹೊಗೆಮಾಂಸ,
ನೇರಳೆ ಬಣ್ಣದ ಆಲೂಗಡ್ಡೆ ಹೊತ್ತು ಏಣಿ ಹತ್ತಿದಳು.
ನನ್ನ ಕಡೆ ನೋಡದೆ ಬಡಿಸಿದಳು; ತುಸು ಹೆಚ್ಚೇ ಬಡಿಸಿದಳು.
"ಆ ಅಲ್ಪವಿರಾಮದವಳ ಪಾಲು?"
ತೆಗೆದಿಟ್ಟಿದ್ದೇವೆ.
ಕಿಟಕಿಯಲ್ಲಿ, ಹಸಿಯ ಆಲೂಗಡ್ಡೆ ಮೂರು.
ಆಗಲೇ ಮೊಳಕೆ ಬಂದಿದೆ.